ಆಂಪ್ರೋಲಿಯಂ 20% ಪುಡಿ: ಕೊಡಗಿನಲ್ಲಿ ನಾಲ್ಕು ಮಳೆಗಾಲ ಬಳಸಿದ ಮೇಲೆ

ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕ ಔಷಧಿಯ ಗುಣಕ್ಕಲ್ಲ, ಪ್ಯಾಕೆಟ್ಟಿಗೆ. ಹಿತ್ತಲಲ್ಲಿ ಹತ್ತು ಹನ್ನೆರಡು ಕೋಳಿ ಸಾಕುವವರನ್ನು ನೆನೆದು ಅದನ್ನು ಮಾಡಿಲ್ಲ. ಅಳತೆಯೆಲ್ಲ ದೊಡ್ಡ ಫಾರಮ್ಮಿನ ಟ್ಯಾಂಕಿನ ಲೆಕ್ಕ.

ಇದು ಒಂದೇ ಕಾಯಿಲೆಯ ಔಷಧಿ: ರಕ್ತಭೇದಿ, ಅಂದರೆ ಕಾಕ್ಸಿಡಿಯೋಸಿಸ್. ಐಮೇರಿಯಾ ಎಂಬ ಪರೋಪಜೀವಿ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಹಿಕ್ಕೆಯಲ್ಲಿ ಬಿದ್ದ ಅದರ ಮೊಟ್ಟೆ ಬಲಿಯಲು ಬೆಚ್ಚಗಿನ ಒದ್ದೆ ಜಾಗ ಸಿಕ್ಕರೆ ಒಂದೆರಡು ದಿನ ಸಾಕು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಹೊರಗೆ ಕೊರೆಯುವ ಚಳಿ ನಿಜ. ಆದರೆ ಮರಿಗಳಿಗೆಂದು ಬಲ್ಬ್ ಹಾಕಿದ ಪೆಟ್ಟಿಗೆಯೊಳಗೆ, ನೀರು ಚೆಲ್ಲಿದ ಭತ್ತದ ಹೊಟ್ಟಿನ ಮೇಲೆ, ಅದಕ್ಕೆ ಬೇಕಾದ ಹವೆಯನ್ನು ನಾವೇ ಮಾಡಿಕೊಟ್ಟಿರುತ್ತೇವೆ. ಭಾಗಮಂಡಲದ ಕಡೆಯ ಜಡಿಮಳೆಗೂ ಕುಶಾಲನಗರದ ಕಡಿಮೆ ಮಳೆಗೂ ಹೋಲಿಕೆಯಿಲ್ಲ, ಆದರೂ ಕುಶಾಲನಗರದಲ್ಲೂ ಈ ಕಾಯಿಲೆ ಬರುವುದು ಇದಕ್ಕೇ.

ಹೆಚ್ಚಾಗಿ ಬರುವುದು ಮೂರರಿಂದ ಆರು ವಾರದ ಮರಿಗೆ. ಮರಿ ಪುಕ್ಕ ಕೆದರಿ, ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ ಮೂಲೆಯಲ್ಲಿ ನಿಲ್ಲುತ್ತದೆ. ಕಾಳು ಎರಚಿದರೆ ಉಳಿದವು ಓಡಿಬರುತ್ತವೆ, ಇದು ಎರಡು ಹೆಜ್ಜೆ ಇಟ್ಟು ಮರೆತಂತೆ ನಿಲ್ಲುತ್ತದೆ. ಜುಟ್ಟು, ಕಾಲು ಬಿಳಿಚಿರುತ್ತವೆ. ಎರಡು ಮೂರು ತಿಂಗಳ ಹೇಟೆಗಳಲ್ಲಿ ರಕ್ತ ಎದ್ದು ಕಾಣದೆಯೂ ಇರಬಹುದು. ತಿಂದರೂ ಎದೆಮೂಳೆ ಕತ್ತಿಯ ಅಲಗಿನಂತೆ ಕೈಗೆ ಸಿಕ್ಕರೆ ಅನುಮಾನಿಸಬೇಕು. ಹೇಟೆಗಳನ್ನು ವಾರಕ್ಕೊಮ್ಮೆ ಕೈಗೆತ್ತಿ ಎದೆ ಮುಟ್ಟಿ ನೋಡದವರಿಗೆ ಇದು ಗೊತ್ತಾಗುವುದೇ ಇಲ್ಲ, ಪುಕ್ಕ ಎಲ್ಲವನ್ನೂ ಮುಚ್ಚಿಡುತ್ತದೆ.

ಹಿಕ್ಕೆ ನೋಡುವುದಕ್ಕೂ ಒಂದು ಕ್ರಮವಿದೆ. ರಾತ್ರಿ ಕೂರುವ ಕೋಲಿನ ಕೆಳಗೆ ಹಳೆಯ ಪೇಪರ್ ಹಾಸಿ, ಬೆಳಗ್ಗೆ ಬೆಳಕಿಗೆ ತಂದು ನೋಡಿ. ಕಂದು ಬಣ್ಣದ, ಅಂಟಂಟಾದ, ಗಬ್ಬು ನಾರುವ ಹಿಕ್ಕೆ ದಿನದಲ್ಲಿ ಒಂದೆರಡು ಬಾರಿ ಬೀಳುವುದು ಸಹಜ, ಅದು ಕುರುಡುಕರುಳಿನದು (ಕರುಳಿನ ಕೊನೆಯ ಬಳಿ ಇರುವ ಎರಡು ಚೀಲ). ಅದನ್ನೇ ಹಳೆಯ ರಕ್ತವೆಂದುಕೊಂಡು ಔಷಧಿ ಹಾಕಿದವರಿದ್ದಾರೆ. ಕಾಯಿಲೆಯ ರಕ್ತ ಕೆಂಪಾಗಿ, ನೀರುನೀರಾಗಿ, ಕೆಲವೊಮ್ಮೆ ಬರೀ ರಕ್ತವೇ ಬಿದ್ದಂತಿರುತ್ತದೆ.

ಈಗ ಪ್ರಮಾಣ. ಪ್ಯಾಕೆಟ್ಟಿನ ಮೇಲೆ 20% ಎಂದಿರುವುದನ್ನು ಮೊದಲು ಖಾತ್ರಿ ಮಾಡಿಕೊಳ್ಳಿ. ಬೇರೆ ಸಾಮರ್ಥ್ಯದ ದ್ರಾವಣವೂ ಸಲ್ಫಾ ಎಂಬ ಇನ್ನೊಂದು ಔಷಧಿ ಬೆರೆಸಿದ ಪುಡಿಯೂ ಬರುತ್ತವೆ, ಅವಕ್ಕೆ ಈ ಲೆಕ್ಕ ಹೊಂದುವುದಿಲ್ಲ. 20% ಪುಡಿಯಾದರೆ ರಕ್ತ ಕಂಡ ದಿನದಿಂದ ಐದು ದಿನ ಲೀಟರ್ ನೀರಿಗೆ 1.2 ಗ್ರಾಂ. ಆಮೇಲೆ ಒಂದು ವಾರ ಲೀಟರಿಗೆ 0.3 ಗ್ರಾಂ. ಈ ಎರಡನೇ ವಾರವನ್ನು ಬಿಟ್ಟವರ ಗೂಡಿನಲ್ಲೇ ಕಾಯಿಲೆ ಮರುಕಳಿಸುವುದು ಹೆಚ್ಚು. 1.2 ಗ್ರಾಮನ್ನು ಚಮಚದಲ್ಲಿ ಅಳೆಯುವುದು ಕಣ್ಣಂದಾಜಿನ ಆಟ. ಅದರ ಬದಲು ಚಿಕ್ಕ ಡಿಜಿಟಲ್ ತಕ್ಕಡಿಯಲ್ಲಿ 6 ಗ್ರಾಂ ತೂಗಿ, 100 ಮಿಲಿ ಆಗುವಂತೆ ನೀರಿನಲ್ಲಿ ಕರಗಿಸಿ. ಸೂಜಿ ತೆಗೆದ ಸಿರಿಂಜಿನಲ್ಲಿ ಇದರಿಂದ 20 ಮಿಲಿ ಎಳೆದು ಒಂದು ಲೀಟರಿಗೆ ಸೇರಿಸಿದರೆ 1.2 ಗ್ರಾಂ ಆಯಿತು. ಎರಡನೇ ವಾರ 5 ಮಿಲಿ ಸಾಕು. ಹೀಗೆ ಬೆರೆಸಿದ ಕುಡಿಯುವ ನೀರನ್ನು ದಿನಾ ಹೊಸದಾಗಿ ಮಾಡಬೇಕು, ಡ್ರಿಂಕರಿನಲ್ಲಿ ಉಳಿದದ್ದನ್ನು ಚೆಲ್ಲಬೇಕು.

ಔಷಧಿ ಹಾಕಿದರೂ ಮರಿ ಸತ್ತವು ಎಂಬ ದೂರು ನಮ್ಮ ಕಡೆ ಬಹಳ. ಅದರಲ್ಲಿ ಹೆಚ್ಚಿನ ಪಾಲು ನೀರಿನದು. ಡ್ರಿಂಕರಿನಲ್ಲಿ ಔಷಧಿ ನೀರು ತುಂಬಿಟ್ಟು ಗೂಡಿನ ಬಾಗಿಲು ತೆರೆದರೆ, ಹಂಚಿನ ಸೂರಿನಿಂದ ಸುರಿದು ಅಂಗಳದಲ್ಲಿ ನಿಂತ ನೀರನ್ನೇ ಕೋಳಿಗಳು ಕುಡಿಯುತ್ತವೆ. ಸಂಜೆ ಡ್ರಿಂಕರ್ ತುಂಬಿದಂತೆಯೇ ಇರುತ್ತದೆ. ಆದ್ದರಿಂದ ಮೊದಲ ಐದು ದಿನ ಎಲ್ಲವನ್ನೂ, ಗಟ್ಟಿಯಾಗಿ ಕಾಣುವವನ್ನೂ ಸೇರಿಸಿ, ಒಳಗೇ ಕೂಡಿಹಾಕಬೇಕು. ಎರಡನೆಯದು ಚಳಿ. ತಿಂಗಳ ಮರಿ ಹತ್ತು ಸೇರಿ ದಿನಕ್ಕೆ ಸುಮಾರು ಒಂದು ಲೀಟರ್ ಕುಡಿಯುವುದು ಸಾಧಾರಣ ಲೆಕ್ಕ. ಮಂಜು ಮುಸುಕಿದ ದಿನ ಅಷ್ಟು ಕುಡಿಯುವುದಿಲ್ಲ, ನೀರು ಕಡಿಮೆಯಾದರೆ ಔಷಧಿಯೂ ಕಡಿಮೆ. ಉಗುರುಬೆಚ್ಚಗಿನ ನೀರನ್ನು ಬೆಳಗ್ಗೆ ಅರ್ಧ, ಮಧ್ಯಾಹ್ನ ಅರ್ಧ ಇಡಿ. ಕಲಸಿದ ತೌಡು, ಗಂಜಿ ನಿಲ್ಲಿಸಿ ಒಣ ಮೇವನ್ನೇ ಹಾಕಿ, ಬಾಯಾರಿಕೆಯಾಗಲಿ. ಕೊಕ್ಕು ಎತ್ತಲಾರದ ಮರಿಗೆ ಅದೇ ನೀರನ್ನು ಕೊಕ್ಕಿನ ಪಕ್ಕದಿಂದ ಹನಿಹನಿಯಾಗಿ ಬಿಡಬೇಕು. ಒಂದೇ ಸಲ ಒತ್ತಿದರೆ ಶ್ವಾಸನಾಳಕ್ಕೆ ಹೋಗಿ ಅಲ್ಲೇ ಮುಗಿಯುತ್ತದೆ.

ಇನ್ನೊಂದು ತಪ್ಪನ್ನು ಅಂಗಡಿಯವರೇ ಕಲಿಸುತ್ತಾರೆ: ಜೊತೆಗೆ ಬಿ ಕಾಂಪ್ಲೆಕ್ಸ್ ಟಾನಿಕ್. ಆಂಪ್ರೋಲಿಯಂ ವಿಟಮಿನ್ ಬಿ1ರ ವೇಷ ಹಾಕಿ ಪರೋಪಜೀವಿಗೆ ಆ ವಿಟಮಿನ್ ಸಿಗದಂತೆ ಮಾಡುತ್ತದೆ, ಅದರ ಕೆಲಸ ನಡೆಯುವುದೇ ಹಾಗೆ. ಬಿ1 ಇರುವ ಟಾನಿಕ್ ಸುರಿದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ. ಕೋರ್ಸ್ ಮುಗಿದ ಮೇಲೆ ಧಾರಾಳ ಕೊಡಿ. ನಡುವೆ ಬೇಕೆಂದರೆ ವಿಟಮಿನ್ ಎ ಮತ್ತು ಕೆ ಸಹಾಯಕ್ಕೆ ಬರುತ್ತವೆ. ಬೇಗ ವಾಸಿಯಾಗಲೆಂದು ಎರಡು ಪಟ್ಟು ಪುಡಿ ಹಾಕುವುದೂ ಬೇಡ. ಅತಿಯಾದರೆ ಕೋಳಿಗೇ ಬಿ1 ಕೊರತೆಯಾಗಿ ಕತ್ತು ಹಿಂದಕ್ಕೆ ಬಾಗಿ ಆಕಾಶ ನೋಡುವ ಹಾಗಾಗುತ್ತದೆ. ಅದನ್ನು ಕೊಕ್ಕರೆ ರೋಗ (ರಾಣಿಖೇತ್) ಎಂದು ತಿಳಿದು ಕೈಬಿಡುವವರೂ ಇದ್ದಾರೆ.

ಯಾವುದಕ್ಕೆ ಇದು ಆಗದು ಎಂಬುದೂ ಗೊತ್ತಿರಲಿ. ಹಸಿರು ಭೇದಿ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚುವುದು ಕೊಕ್ಕರೆ ರೋಗದ ಲಕ್ಷಣ. ಅದಕ್ಕೆ ಔಷಧಿಯಿಲ್ಲ. ಮೊದಲ ವಾರದ ಲಸೋಟಾ ಅಥವಾ ಎಫ್ ಲಸಿಕೆಯ ಹನಿ, ಎಂಟನೇ ವಾರದ ಹೊತ್ತಿಗೆ ಆರ್2ಬಿ ಲಸಿಕೆ, ಇವೇ ದಾರಿ. ಮೂರರಿಂದ ಆರು ವಾರದಲ್ಲೇ ಬಿಳಿ ನೀರುಭೇದಿಯಾಗಿ ಮರಿಗಳು ಒಟ್ಟೊಟ್ಟಿಗೆ ಬಿದ್ದರೆ ಗಂಬೊರೊ ಎಂಬ ವೈರಸ್ ಕಾಯಿಲೆ ಇರಬಹುದು. ಮೊದಲ ಎರಡು ವಾರದ ಮರಿಯ ಹಿಂಭಾಗಕ್ಕೆ ಬಿಳಿ ಹಿಕ್ಕೆ ಮೆತ್ತಿಕೊಂಡಿದ್ದರೆ ಬ್ಯಾಕ್ಟೀರಿಯಾ ಕಾಯಿಲೆಯ ಗುಮಾನಿ. ಎರಡು ದಿನ ಸರಿಯಾಗಿ ಕುಡಿಸಿದರೂ ರಕ್ತ ನಿಲ್ಲದಿದ್ದರೆ ಪಶು ಆಸ್ಪತ್ರೆಗೆ ತಾಜಾ ಹಿಕ್ಕೆ, ಸತ್ತ ಮರಿಯಿದ್ದರೆ ಅದನ್ನೂ ಒಯ್ಯಿರಿ. ಕೊಯ್ದು ನೋಡಿದಾಗ ಎರಡೂ ಕುರುಡುಕರುಳು ಊದಿ ರಕ್ತ ತುಂಬಿದ್ದರೆ ಉತ್ತರ ಅಲ್ಲೇ ಸಿಗುತ್ತದೆ. ಐಮೇರಿಯಾದ ಎಲ್ಲ ಜಾತಿಯೂ ಈ ಪುಡಿಗೆ ಒಂದೇ ಸಮ ಬಗ್ಗುವುದಿಲ್ಲ, ಆಗ ವೈದ್ಯರು ಟಾಲ್ಟ್ರಾಜುರಿಲ್ ಎಂಬ ಬೇರೆ ಔಷಧಿ ಬರೆಯಬಹುದು. ಮೊಟ್ಟೆಯಿಡುವ ಕೋಳಿಗೆ ಅದು ಸಲ್ಲ.

ಹೊಟ್ಟನ್ನು ಬದಲಿಸದೆ ಪುಡಿಯನ್ನಷ್ಟೇ ನಂಬಿದರೆ ಹಣ ದಂಡ. ಫಿನಾಯಿಲಿಗೆ ಐಮೇರಿಯಾದ ಮೊಟ್ಟೆ ಸಾಯುವುದಿಲ್ಲ. ಸುಣ್ಣ, ಒಲೆಬೂದಿ ಒದ್ದೆ ಎಳೆಯುತ್ತವೆ, ಅಷ್ಟೇ. ಹಳೆಯ ಹೊಟ್ಟು ಪೂರ್ತಿ ತೆಗೆದು, ನೆಲಕ್ಕೆ ಕುದಿಯುವ ನೀರು ಸುರಿದು, ಒಣಗಿದ ಮೇಲೆ ಎರಡು ಮೂರು ಇಂಚು ಹೊಸ ಹೊಟ್ಟು ಹರಡಿ. ಡ್ರಿಂಕರನ್ನು ಇಟ್ಟಿಗೆಯ ಮೇಲೆ ಮರಿಯ ಬೆನ್ನಿನ ಎತ್ತರಕ್ಕೆ ಇಟ್ಟು, ಸುತ್ತ ಒದ್ದೆಯಾದ ಹೊಟ್ಟನ್ನು ದಿನಾ ತೆಗೆಯಿರಿ. ಕಾಯಿಲೆಯಿಲ್ಲದಾಗಲೂ ತಿಂಗಳಿಗೊಮ್ಮೆ ಪುಡಿ ಹಾಕುವ ಅಭ್ಯಾಸ ಬೇಡ. ಚೂರುಪಾರು ಸೋಂಕು ತಗುಲಿಯೇ ಮರಿಗೆ ನಿರೋಧ ಬರುವುದು. ಮರಿಗಳ ಸ್ಟಾರ್ಟರ್ ಫೀಡಿನ ಚೀಲದ ಮೇಲೂ ಕಣ್ಣಾಡಿಸಿ, ಅದರಲ್ಲೇ ಇದೇ ಔಷಧಿ ಬೆರೆತಿರಬಹುದು.

ಕೊಳ್ಳುವಾಗ: 12 ಮರಿಗೆ ದಿನಕ್ಕೆ ಒಂದೂವರೆ ಲೀಟರ್ ಹಿಡಿದರೆ ಪೂರ್ತಿ ಕೋರ್ಸಿಗೆ ಸುಮಾರು 12 ಗ್ರಾಂ. 100 ಗ್ರಾಂ ಪ್ಯಾಕೆಟ್ ಎಂಟು ಸಲಕ್ಕೆ ಬರುತ್ತದೆ, ಅಷ್ಟರೊಳಗೆ ಅವಧಿ ಮುಗಿದಿರುತ್ತದೆ. ಒಡೆದ ಪ್ಯಾಕೆಟ್ ಜುಲೈ ತೇವಕ್ಕೆ ಕಲ್ಲುಪ್ಪಿನಂತೆ ಗಂಟು ಕಟ್ಟುತ್ತದೆ, ಗಂಟಾದದ್ದನ್ನು ಸರಿಯಾಗಿ ತೂಗಲಾಗದು. ಅಕ್ಕಪಕ್ಕದ ಮೂರ್ನಾಲ್ಕು ಮನೆಯವರು ಸೇರಿ ಒಂದನ್ನು ತಂದು, 12 ಗ್ರಾಮಿನ ಪೊಟ್ಟಣ ಕಟ್ಟಿ, ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಹಾಕಿ, ಅವಧಿಯ ತಾರೀಕನ್ನು ಬಾಟಲಿಯ ಮೇಲೆ ಬರೆದಿಟ್ಟುಕೊಳ್ಳಿ.