ಪ್ಯಾಚ್ ಕ್ಲ್ಯಾಂಪ್ ಅಥವಾ ಎಫ್‌ಎಂಆರ್‌ಐ: ಮಿದುಳಿನ ಸಂಶೋಧನೆಗೆ ಇಳಿಯುವವರಿಗೆ ಒಂದು ಹೋಲಿಕೆ

ಪ್ಯಾಚ್ ಕ್ಲ್ಯಾಂಪ್ ವಿಧಾನದಿಂದ ಒಂದೊಂದೇ ನರಕೋಶದ ವಿದ್ಯುತ್ತನ್ನು ಅಳೆಯುವ ಪ್ರಯೋಗಾಲಯ ಮತ್ತು ಎಫ್‌ಎಂಆರ್‌ಐ ಎಂಬ ಕಾಂತೀಯ ಸ್ಕ್ಯಾನ್‌ನಿಂದ ಎಚ್ಚರವಿರುವ ಮನುಷ್ಯರ ಇಡೀ ಮಿದುಳನ್ನು ಗಮನಿಸುವ ತಂಡ, ಇವೆರಡರ ನಡುವಿನ ಆಯ್ಕೆಯು ದಿನಚರಿಯ ಆಯ್ಕೆಯೂ ಹೌದು.

ವಿಜ್ಞಾನಿಗಳಾದ ನೆಹರ್ ಮತ್ತು ಸಾಕ್‌ಮನ್ 1976ರಲ್ಲಿ ಪ್ರಕಟಿಸಿದ ಪ್ಯಾಚ್ ಕ್ಲ್ಯಾಂಪ್ ವಿಧಾನದಲ್ಲಿ ಈಗ, ಆಮ್ಲಜನಕದ ಗುಳ್ಳೆಯಾಡಿಸಿದ ಲವಣದ್ರಾವಣದಲ್ಲಿ ಇರಿಸಿದ, ಸುಮಾರು 300 ಮೈಕ್ರೋಮೀಟರ್ ದಪ್ಪದ ಇಲಿಯ ಮಿದುಳಿನ ಹೋಳಿನೊಳಗೆ, ತುದಿಯು ಒಂದೆರಡು ಮೈಕ್ರೋಮೀಟರ್ ಅಗಲವಿರುವ ಗಾಜಿನ ನಳಿಕೆಯನ್ನು ಇಳಿಸಲಾಗುತ್ತದೆ. ಮೆಲ್ಲನೆ ಹೀರಿದಾಗ ಕೋಶಪೊರೆಯು ಗಾಜಿಗೆ ಅಂಟಿಕೊಂಡು, ಬಿಗಿಯಾಗಿ ಅಂಟಿದ ಗುರುತಾಗಿ ಪರದೆಯ ಮೇಲೆ ವಿದ್ಯುತ್ ರೋಧವು ಗಿಗಾಓಮ್‌ಗೆ (ನೂರು ಕೋಟಿ ಓಮ್‌ಗೆ) ಏರುತ್ತದೆ. ಅದು ಏರದೆಯೇ ಸಂಜೆಯಾಗುವ ದಿನಗಳೂ ಉಂಟು. ಹೋಳು ಕೆಲವೇ ಗಂಟೆ ಬದುಕುವುದರಿಂದ ಊಟದ ಸಮಯವನ್ನೂ ಅದೇ ನಿರ್ಧರಿಸುತ್ತದೆ. ಪ್ರತಿಫಲವೆಂದರೆ ಮಿಲಿಸೆಕೆಂಡಿನ ನಿಖರತೆ.

ಎಫ್‌ಎಂಆರ್‌ಐ ನರಕೋಶಗಳನ್ನು ನೇರವಾಗಿ ನೋಡುವುದಿಲ್ಲ. ರಕ್ತದ ಆಮ್ಲಜನಕದಲ್ಲಾಗುವ ಬದಲಾವಣೆಯನ್ನು, ಅದೂ ಸುಮಾರು ಐದು ಸೆಕೆಂಡು ತಡವಾಗಿ ಶಿಖರ ಮುಟ್ಟುವ ಸಂಕೇತವಾಗಿ, ಹಿಡಿಯುತ್ತದೆ. ಇಲ್ಲಿ ಯಂತ್ರದ ಬಳಿ ಕಳೆಯುವ ಸಮಯ ಅಲ್ಪ, ಕಂಪ್ಯೂಟರಿನ ಮುಂದೆ ಕಳೆಯುವ ತಿಂಗಳುಗಳು ಹೆಚ್ಚು. ಸಂಖ್ಯಾಶಾಸ್ತ್ರವನ್ನು ಹಗುರಾಗಿ ಪರಿಗಣಿಸಿದರೆ ಏನಾಗುತ್ತದೆ ಎಂಬುದನ್ನು ಸತ್ತ ಸಾಲ್ಮನ್ ಮೀನೊಂದರ 'ಮಿದುಳಿನ ಚಟುವಟಿಕೆ'ಯನ್ನು 2009ರಲ್ಲಿ ತೋರಿಸಿದ ಸಂಶೋಧಕರು ಸೊಗಸಾಗಿ ಮನಗಾಣಿಸಿದ್ದರು.

ಭಾಷೆ, ನಿರ್ಧಾರ, ನೆನಪುಗಳನ್ನು ಮನುಷ್ಯರಲ್ಲೇ ಅರಿಯಬೇಕೆನ್ನುವವರಿಗೆ ಎರಡನೆಯದು ಸೂಕ್ತ. ಅಲ್ಲಿ ಕಲಿತ ಪ್ರೋಗ್ರಾಮಿಂಗ್ ಸಂಶೋಧನೆಯ ಹೊರಗೂ ಕೆಲಸ ಕೊಡಿಸಬಲ್ಲದು. ಕಾರಣವನ್ನು ಕೋಶದ ಮಟ್ಟದಲ್ಲಿ ಹಿಡಿಯದೆ ಸಮಾಧಾನವಿಲ್ಲದವರು, ಕೈಚಳಕ ಮತ್ತು ತಾಳ್ಮೆ ಎರಡೂ ತಮ್ಮಲ್ಲಿದ್ದರೆ, ಮೊದಲನೆಯದನ್ನೇ ಆರಿಸಿಕೊಳ್ಳುವುದು ಲೇಸು.