ಶಾರ್ಜಾದಲ್ಲಿ ಹಳೆ ‘ಜಪಾನ್ ಎಂಜಿನ್’ ಕೊಂಡೆ: ಐದಕ್ಕೆ ಮೂರೂವರೆ ನಕ್ಷತ್ರ

ಅಂಗಡಿಯ ಹೆಸರು ಹಾಕುವುದಿಲ್ಲ, ಕೇಳಬೇಡಿ. ಮಾಲು ಚೆನ್ನಾಗಿದೆ, ಬಿಲ್ಲಿನ ವಿಷಯದಲ್ಲಿ ಮಾತ್ರ ಸತಾಯಿಸಿದರು, ಅದನ್ನು ಕೊನೆಗೆ ಹೇಳುತ್ತೇನೆ.

ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹಳೆ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಸಾಲು ನೋಡಿಲ್ಲದವರಿಗೆ: ಬೆಂಗಳೂರಿನ ಶಿವಾಜಿನಗರದ ಗುಜರಿಯನ್ನು ಹತ್ತು ಪಟ್ಟು ಮಾಡಿ, ಮೇಲೆ ಜುಲೈ ಬಿಸಿಲು ಹಾಕಿ. ಎಂಜಿನ್‌ಗಳನ್ನು ತೆಂಗಿನಕಾಯಿ ರಾಶಿ ಹಾಕಿದ ಹಾಗೆ ಹಾಕಿರುತ್ತಾರೆ.

ನನ್ನದು 2006ರ ಕೊರೊಲ್ಲಾ 1.8. ಹೋಸ್ ಒಡೆದು ನೀರೆಲ್ಲ ಹೋಗಿತ್ತು, ಟೆಂಪರೇಚರ್ ಮುಳ್ಳು ಮೇಲೇರಿದ್ದನ್ನು ನೋಡಿಯೂ ‘ಇನ್ನೇನು ಮನೆ ಬಂತು’ ಅಂತ ಓಡಿಸಿದೆ. ತಪ್ಪು ನನ್ನದೇ. ಎಂಜಿನ್ನಿನ ಹೆಡ್, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ಬಾಗಿತ್ತು. ರಿಪೇರಿ ಮಾಡಿಸುವುದಕ್ಕಿಂತ ಇನ್ನೊಂದು ಎಂಜಿನ್ ಕೂರಿಸುವುದೇ ಅಗ್ಗ ಅಂದರು ಗ್ಯಾರೇಜಿನವರು. ಅವರು ಮೂಡುಬಿದಿರೆ ಕಡೆಯವರು. “ಮಾರಾಯ್ರೆ, ಎಲ್ಲರೂ ಜಪಾನ್ ಅಂತಲೇ ಹೇಳುವುದು. ಎಲ್ಲಿಂದ ಬಂದದ್ದು ಅಂತ ನೋಡದೆ ದುಡ್ಡು ಬಿಚ್ಚಬೇಡಿ” ಅಂತ ಮೊದಲೇ ಎಚ್ಚರಿಸಿದ್ದರು.

ಇಲ್ಲಿ ‘ಜಪಾನ್’ ಅಂದರೆ ಬರೀ ದೇಶದ ಹೆಸರಲ್ಲ, ರೇಟು. ಅಲ್ಲಿನ ಗಾಡಿ ಕಡಿಮೆ ಓಡಿರುತ್ತದೆ, ಹೊಸ ಗಾಡಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೆ ಸರ್ಕಾರಿ ತಪಾಸಣೆ ಆಗಿರುತ್ತದೆ ಅನ್ನುವ ನಂಬಿಕೆ. ಇಲ್ಲಿಯದೇ ಗಲ್ಫ್ ಗಾಡಿಯ ಎಂಜಿನ್ ಆದರೆ ಬಿಸಿಲು, ಮರಳು ತಿಂದದ್ದು. ಅಮೆರಿಕದ್ದು ಆದರೆ ಆಕ್ಸಿಡೆಂಟ್ ಆಗಿಯೋ ನೆರೆ ನೀರಲ್ಲಿ ಮುಳುಗಿಯೋ ಹರಾಜಿಗೆ ಬಂದ ಗಾಡಿಯದ್ದು ಇರಬಹುದು. ನನ್ನ ಗಾಡಿಯ 1ಝಡ್‌ಝಡ್-ಎಫ್‌ಇ ಎಂಜಿನ್ ಜಪಾನಿನಲ್ಲೂ ತಯಾರಾಗಿದೆ, ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲೂ ತಯಾರಾಗಿದೆ. ಹೊರಗಿನಿಂದ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಇದರಲ್ಲಿ ಇನ್ನೊಂದು ತಲೆನೋವು, ಮೊದಮೊದಲ ವರ್ಷಗಳ 1ಝಡ್‌ಝಡ್ ಎಂಜಿನ್‌ಗಳಲ್ಲಿ ಪಿಸ್ಟನ್ನಿನ ಆಯಿಲ್ ವಾಪಸ್ ಇಳಿಯುವ ತೂತುಗಳು ಸಾಲದೆ ಅವು ಆಯಿಲ್ ಕುಡಿಯುತ್ತಿದ್ದವು, ಆಮೇಲೆ ಕಂಪನಿಯೇ ಪಿಸ್ಟನ್ ಬದಲಿಸಿತು. ಹಾಗಾಗಿ ಯಾವ ದೇಶ ಅನ್ನುವುದರ ಜೊತೆಗೆ ಯಾವ ವರ್ಷ ಅನ್ನುವುದೂ ಗೊತ್ತಾಗಬೇಕು.

ಮೊದಲನೇ ಅಂಗಡಿಯಲ್ಲಿ ಬಿಡಿ ಎಂಜಿನ್ ತೋರಿಸಿದರು. ತೊಳೆದು ಫಳಫಳ ಮಾಡಿದ್ದರು. “ಪಕ್ಕಾ ಜಪಾನ್ ಭಾಯಿ.” ಬ್ಲಾಕ್ ಅಲ್ಯೂಮಿನಿಯಂ, ಅದು ತುಕ್ಕು ಹಿಡಿಯಲ್ಲ. ಆದರೆ ಬ್ರಾಕೆಟ್, ಬೋಲ್ಟುಗಳೆಲ್ಲ ತುಕ್ಕು, ಸಂದಿಗಳಲ್ಲಿ ಬಿಳಿ ಪುಡಿ. ವಾಲ್ವ್ ಕವರಿನ ಬದಿಗೆ ಟಾರ್ಚ್ ಬಿಟ್ಟು ನೋಡಿದರೆ ಅರ್ಧ ಅಳಿಸಿದ ಹಳದಿ ಪೇಂಟ್ ಪೆನ್ನಿನ ಬರಹ: 112ಕೆ. ಅಮೆರಿಕದ ಗುಜರಿ ಯಾರ್ಡುಗಳಲ್ಲಿ ಗಾಡಿ ಎಷ್ಟು ಓಡಿದೆ ಅಂತ ಹೀಗೆ ಬರೆಯುವ ರೂಢಿ ಇದೆ, ಅದೂ ಮೈಲಿಯಲ್ಲಿ. 1,12,000 ಮೈಲಿ ಅಂದರೆ ಸುಮಾರು 1,80,000 ಕಿಲೋಮೀಟರ್! ಕೇಳಿದ್ದಕ್ಕೆ “ಅದು ನಮ್ಮ ಸ್ಟಾಕ್ ನಂಬರ್” ಅಂದರು. ಇರಬಹುದು, ನಾನು ಕೋರ್ಟಿನಲ್ಲಿ ಸಾಬೀತು ಮಾಡಲಾರೆ. ಚಹಾ ಕುಡಿದು ಬಂದೆ.

ಎರಡನೆಯದು ನಾನು ಕೊಂಡ ಅಂಗಡಿ. ಇವರ ಹತ್ತಿರ ಹಾಫ್ ಕಟ್ ಇತ್ತು, ಅಂದರೆ ಗಾಡಿಯ ಮುಂದಿನ ಅರ್ಧವನ್ನೇ ಕತ್ತರಿಸಿ ಕಂಟೇನರ್‌ನಲ್ಲಿ ತಂದದ್ದು. ಎಂಜಿನ್ ಇನ್ನೂ ಅದರ ಮೌಂಟ್ (ಗಾಡಿಗೆ ಹಿಡಿದಿಡುವ ಆಸರೆ) ಮೇಲೇ ಕೂತಿತ್ತು. ಇದು ಮುಖ್ಯ. ಎಂಜಿನ್ನಿನ ಹಿಂದೆ ಗಾಡಿಯದೇ ಲೋಹದ ಗೋಡೆ ಇರುತ್ತದಲ್ಲ, ಅದರ ಪ್ಲೇಟಿನಲ್ಲಿ ಝಡ್‌ಝಡ್‌ಟಿ240 ಅಂತ ಶುರುವಾಗುವ ನಂಬರ್. ಅದು ಇದೇ ಎಂಜಿನ್ ಇರುವ ಟೊಯೋಟಾ ಪ್ರೀಮಿಯೋ, ಅಲಿಯಾನ್ ಗಾಡಿಗಳ ಕೋಡ್, ಜಪಾನಿನ ಮಾರುಕಟ್ಟೆಯ ಗಾಡಿಗಳು. ಜಪಾನ್ ಒಳಗೆ ಮಾರುವ ಗಾಡಿಗೆ ನಮ್ಮಲ್ಲಿಯ ಹಾಗೆ 17 ಅಕ್ಷರದ ಚಾಸಿಸ್ ನಂಬರ್ ಇರಲ್ಲ, ಇಂಥ ಚಿಕ್ಕ ಫ್ರೇಮ್ ನಂಬರ್ ಇರುತ್ತದೆ. ಅಮೆರಿಕದ ಕೊರೊಲ್ಲಾ ಆಗಿದ್ದರೆ 1ಎನ್‌ಎಕ್ಸ್ ಅಂತಲೋ, ಕೆನಡಾದಲ್ಲಿ ತಯಾರಾದದ್ದಾದರೆ 2ಟಿ1 ಅಂತಲೋ ಶುರುವಾಗುತ್ತಿತ್ತು. ಆದರೆ ಆ ಪ್ಲೇಟಿನಲ್ಲಿ ಎಂಜಿನ್ ಮಾದರಿ ಇರುತ್ತದೆಯೇ ಹೊರತು ಎಂಜಿನ್ನಿನ ನಂಬರ್ ಇರಲ್ಲ, ಅದಕ್ಕೇ ಎಂಜಿನ್ ಮೌಂಟಿನಿಂದ ಇಳಿಸಿಲ್ಲ ಅನ್ನುವುದನ್ನು ನೋಡಿಕೊಳ್ಳಬೇಕು. ಬ್ಲಾಕಿನ ಮೇಲೆ ಕೆತ್ತಿದ ನಂಬರ್ ಸುತ್ತ ಗ್ರೈಂಡರ್ ತಾಗಿಲ್ಲ ಅನ್ನುವುದನ್ನೂ ಬೆರಳಿಟ್ಟು ನೋಡಿದೆ.

ಈಗ ಸ್ಟಿಕ್ಕರ್ ಕಥೆ. ರೇಡಿಯೇಟರ್ ಮೇಲಿನ ಪಟ್ಟಿಯಲ್ಲಿ ಜಪಾನಿ ಬರಹದ ಆಯಿಲ್ ಚೇಂಜ್ ಸ್ಟಿಕ್ಕರ್: 24, 9, 15, ಕೆಳಗೆ 78,400. ಅಂಗಡಿಯ ಹುಡುಗ ಖುಷಿಯಿಂದ “ನೋಡಿ, 2024 ಸೆಪ್ಟೆಂಬರ್‌ನಲ್ಲಿ ಬರೀ 78 ಸಾವಿರ!” ಅಂದ. ನಾನೂ ಖುಷಿಯಾದೆ. ಸಂಜೆ ಮನೆಯಲ್ಲಿ ಅನ್ನಕ್ಕೆ ಸಾರು ಹಾಕಿಕೊಳ್ಳುವಾಗ ತಲೆಗೆ ಹೊಳೆಯಿತು, ಜಪಾನಿನವರು ಚಕ್ರವರ್ತಿಯ ಶಕೆಯ ವರ್ಷ ಬರೆಯುತ್ತಾರಲ್ವಾ? ಹೈಸೇ 24 ಅಂದರೆ 2012. ನಮ್ಮ ಲೆಕ್ಕದ 2024 ಅವರಿಗೆ ರೇವಾ 6. ಅಂದರೆ ಎಂಜಿನ್ ಜಪಾನಿನದೇ, ಅನುಮಾನವಿಲ್ಲ, ಆದರೆ 78 ಸಾವಿರ ಅನ್ನುವುದು ಯಾವುದೋ ಕಾಲದ ಮಾತು. ಮರುದಿನ ಹೋಗಿ ಹೇಳಿದೆ. ಹುಡುಗನಿಗೆ ನಿಜಕ್ಕೂ ಗೊತ್ತಿರಲಿಲ್ಲ, ಮಾಲೀಕರು ನಕ್ಕರು, 2,300 ದಿರ್ಹಮ್ ಇದ್ದದ್ದು 1,900ಕ್ಕೆ ಇಳಿಯಿತು. ನಾನು ಓದಿದ ಅತಿ ಲಾಭದ ಸ್ಟಿಕ್ಕರ್.

ನಮ್ಮ ಗ್ಯಾರೇಜಿನವರು ಬಂದು ಕಂಪ್ರೆಷನ್ ನೋಡಿದರು, ಪ್ಲಗ್ ಬಿಚ್ಚಿ ಕ್ಯಾಮರಾ ಇಳಿಸಿದರು, ಆಯಿಲ್ ಕ್ಯಾಪ್ ಕೆಳಗೆ ಕಪ್ಪು ಜಿಡ್ಡು ಇಲ್ಲ ಅಂದರು. ಹತ್ತು ದಿನದ ಚೆಕಿಂಗ್ ವಾರಂಟಿ ಸಿಕ್ಕಿತು. ಸೆನ್ಸರ್, ಥ್ರಾಟಲ್ ನನ್ನ ಹಳೆಯ ಎಂಜಿನ್ನಿನವೇ ಹಾಕಿದ್ದಾಯಿತು.

ಒಂದೂವರೆ ನಕ್ಷತ್ರ ಕಡಿಮೆ ಮಾಡಿದ್ದು ಬಿಲ್ಲಿಗೆ. ಮೊದಲು ಕೊಟ್ಟ ಬಿಲ್ಲಿನಲ್ಲಿ ‘ಯೂಸ್ಡ್ ಎಂಜಿನ್ 1 ಪೀಸ್’ ಅಂತ ಅಷ್ಟೇ. ಮುಲ್ಕಿಯಾದಲ್ಲಿ (ಇಲ್ಲಿಯ ಗಾಡಿ ನೋಂದಣಿ ಕಾರ್ಡ್) ಎಂಜಿನ್ ನಂಬರ್ ಇರುತ್ತದೆ, ಹೊಸ ನಂಬರ್ ಹತ್ತಿಸಬೇಕಾದರೆ ಅದಕ್ಕೆ ದಾಖಲೆ ಬೇಡವಾ? ಎಂಜಿನ್ ನಂಬರ್ ಬರೆಸಿ, ಸೀಲ್ ಹಾಕಿಸಿ, ಕಸ್ಟಮ್ಸ್ ಕಾಗದದ ನಕಲು ತೆಗೆಸಿಕೊಳ್ಳಲು ಮೂರು ಸಲ ಹೋದೆ, ಮೂರು ಸಲವೂ “ನಾಳೆ ಬನ್ನಿ”. ದುಡ್ಡು ಕೊಡುವ ಮೊದಲೇ ಇದನ್ನು ಬರೆಸಿಕೊಳ್ಳಿ, ಕೊಟ್ಟ ಮೇಲೆ ನೀವು ಅವರಿಗೆ ಕಾಣುವುದಿಲ್ಲ.

ನಾಲ್ಕು ತಿಂಗಳಾಯಿತು. ಪ್ರತಿ ಶುಕ್ರವಾರ ಡಿಪ್‌ಸ್ಟಿಕ್ ಎಳೆದು ನೋಡುತ್ತೇನೆ, ಆಯಿಲ್ ಇಳಿದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಸೆಕೆಂಡ್ ಚೈನ್ ಕಟಕಟ ಅನ್ನುತ್ತದೆ, ಚೈನ್ ಬಿಗಿ ಹಿಡಿಯುವ ಟೆನ್ಷನರ್ ಇರಬೇಕು ಅಂತಾರೆ ಗ್ಯಾರೇಜಿನವರು. ಸಂಬಳ ಬಂದ ಮೇಲೆ ನೋಡಬೇಕು.