ಐವಾನ್-ಎ-ಶಾಹಿ ಕಡೆ ಹಳೆ ಬಂಗಲೆ ಕಿರಾಯಿಗೆ ಹಿಡಿಯುವ ಮುಂಚೆ ಛತ್ತು ನೋಡಿ

ಬ್ಯಾಸಗಿ ಮಧ್ಯಾಹ್ನ ಎರಡು ಗಂಟೆಗೆ ತಲೆಗೆ ಟವೆಲ್ ಸುತ್ತಿಕೊಳ್ಳದೆ ನಡೆಯಬಹುದಾದ ರಸ್ತೆಗಳು ಕಲಬುರಗಿಯಲ್ಲಿ ಬೆರಳೆಣಿಕೆಯಷ್ಟು. ಐವಾನ್-ಎ-ಶಾಹಿ ಸುತ್ತಲಿನವು ಆ ಲೆಕ್ಕದಲ್ಲಿ ಬರುತ್ತವೆ. ನಿಜಾಮರ ಕಾಲದ ಕಲ್ಲಿನ ಅತಿಥಿಗೃಹ, ಅದರ ಆಸುಪಾಸು ಸರ್ಕಾರಿ ಬಂಗಲೆಗಳು, ದೊಡ್ಡ ಕಂಪೌಂಡಿನ ಹಳೆ ಮನೆಗಳು, ಅವುಗಳ ನಡುವೆ ಬೇವು, ಹುಣಸೆ, ಗುಲ್ಮೊಹರ್. ಬಾಂಬೆ ಮತ್ತು ಮದ್ರಾಸ್ ಕಡೆಯಿಂದ ಬಂದ ರೈಲು ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದ ಮೇಲೆ ಆ ಹಳಿಯ ಮೇಲಿರುವ ಕಲಬುರಗಿ ಸ್ಟೇಶನ್ ಕಡೆಯ ಜಾಗಕ್ಕೆ ಬೆಲೆ ಬಂತು. ಆ ಬೆಲೆ ಇವತ್ತಿಗೂ ಇಳಿದಿಲ್ಲ. ಜೇವರ್ಗಿ ರಸ್ತೆಯಲ್ಲೋ ಸೇಡಂ ರಸ್ತೆಯಲ್ಲೋ ಹೊಸ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಕೊಡುವ ಕಿರಾಯಿಗಿಂತ ಇಲ್ಲಿ ಹೆಚ್ಚೇ ಕೇಳುತ್ತಾರೆ, ಕೊಡುವವರೂ ಇದ್ದಾರೆ.

ಹೆಚ್ಚು ಕೊಡುವುದು ಸರಿಯೇ? ಸ್ಟೇಶನ್ ಹತ್ತಿರ, ರಸ್ತೆ ಅಗಲ, ರಾತ್ರಿ ಶಾಂತ, ಅಧಿಕಾರಿಗಳಿರುವ ಕಾರಣ ಬೀದಿ ದೀಪ ಕೆಟ್ಟರೆ ಬೇಗ ಸರಿಯಾಗುತ್ತದೆ. ಇಷ್ಟಕ್ಕೆ ಐದರಲ್ಲಿ ನಾಲ್ಕು ಅಂಕ. ಆದರೆ ಬಡಾವಣೆಗೆ ಕೊಟ್ಟ ಅಂಕವನ್ನು ಮನೆಗೂ ಕೊಟ್ಟುಬಿಡಬೇಡಿ. ಗೇಟು, ಪೋರ್ಟಿಕೋ, ಅಂಗಳದ ಬೇವಿನ ಗಿಡ ನೋಡಿ ಅಡ್ವಾನ್ಸ್ ಕೊಟ್ಟವರೇ ಜುಲೈನಲ್ಲಿ ಬಕೆಟ್ ಇಟ್ಟುಕೊಂಡು ಕೂರುವುದು.

ಈ ಭಾಗದ ಹಳೆ ಮನೆಗಳ ಛತ್ತು ಹೆಚ್ಚಾಗಿ ಗರ್ಡರ್-ಪರಸಿಯದು. ಎರಡು-ಮೂರು ಅಡಿಗೊಂದು ಕಬ್ಬಿಣದ ಗರ್ಡರ್, ಅದರ ಮೇಲೆ ಶಹಾಬಾದ್ ಪರಸಿ (ಚಪ್ಪಟೆ ಕಲ್ಲು), ಅದರ ಮೇಲೆ ಸುಣ್ಣದ ಗಚ್ಚು. ಒಳ್ಳೆಯ ಛತ್ತು, ಚೆನ್ನಾಗಿ ನೋಡಿಕೊಂಡರೆ ತಲೆಮಾರುಗಟ್ಟಲೆ ಬಾಳುತ್ತದೆ. ಅದು ಕೆಡುವುದು ಹೇಗೆಂದರೆ, ಪರಸಿಗಳ ಸಂದಿಯ ಗಚ್ಚು ಉದುರಿ ನೀರು ಇಳಿಯುತ್ತದೆ, ಗರ್ಡರಿಗೆ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ಕಬ್ಬಿಣ ಊದಿಕೊಂಡು ಮೇಲಿನ ಕಲ್ಲನ್ನು ಎತ್ತುತ್ತದೆ, ಸಂದಿ ಇನ್ನಷ್ಟು ಬಾಯಿ ಬಿಡುತ್ತದೆ. ಕೆಳಗೆ ನಿಂತು ಗರ್ಡರಿನ ನಡುಭಾಗ ನೋಡಿ ಸುಮ್ಮನಾಗಬೇಡಿ, ಅಲ್ಲಿ ಮಾಲಕರು ಬಣ್ಣ ಬಳಿಸಿರುತ್ತಾರೆ. ಗರ್ಡರಿನ ತುದಿ ಗೋಡೆಯೊಳಗೆ ಹೋಗುವ ಜಾಗಕ್ಕೆ ಮೊಬೈಲ್ ಟಾರ್ಚ್ ಬಿಡಿ. ಗೋಡೆ ಒದ್ದೆಯಾಗುವುದು ಅಲ್ಲೇ, ತುಕ್ಕು ಮೊದಲು ಹಿಡಿಯುವುದೂ ಅಲ್ಲೇ. ಅಲ್ಲಿ ಕಬ್ಬಿಣ ಪದರ ಪದರವಾಗಿ ಏಳುತ್ತಿದ್ದರೆ, ಅಥವಾ ಅದರ ಕೆಳಗಿನ ಗಿಲಾವಿನಲ್ಲಿ ಕಂದು ಬಣ್ಣದ ಗೆರೆ ಇಳಿದಿದ್ದರೆ, ಮಾತುಕತೆ ಅಲ್ಲಿಗೆ ನಿಲ್ಲಿಸಿ. ಮೇಲ್ಮೈ ತುಕ್ಕು ಮಾತ್ರ ಇದ್ದರೆ ತಂತಿ ಬ್ರಶ್‌ನಿಂದ ಉಜ್ಜಿ ರೆಡ್ ಆಕ್ಸೈಡ್ ಎರಡು ಕೋಟ್ ಹೊಡೆದರೆ ಸಾಕು.

ಮಾಲಕರು "ಮ್ಯಾಲ ಸಿಮೆಂಟ್ ಹಾಕ್ಸೀವ್ರೀ, ಇನ್ನೇನ್ ಸೋರಂಗಿಲ್ಲ" ಎಂದರೆ ಅದು ಗುಣವಲ್ಲ, ದೋಷ. ಎರಡು ಇಂಚು ಕಾಂಕ್ರೀಟು ಚದರಡಿಗೆ ಸುಮಾರು 11 ಕೆಜಿ ತೂಗುತ್ತದೆ. 200 ಚದರಡಿಯ ಖೋಲಿಯ ಮೇಲೆ ಎರಡು ಟನ್ನಿಗೂ ಹೆಚ್ಚು ಭಾರ, ಅದೂ ಹಳೆ ಗರ್ಡರುಗಳ ಮೇಲೆ. ಸಿಮೆಂಟು ಬಿಸಿಲಿಗೆ ಸೀಳುತ್ತದೆ, ಸೀಳಿನಿಂದ ಇಳಿದ ನೀರು ಕೆಳಗಿನ ಗಚ್ಚಿನಲ್ಲಿ ಸಿಕ್ಕಿಹಾಕಿಕೊಂಡು ತಿಂಗಳುಗಟ್ಟಲೆ ಆರುವುದಿಲ್ಲ. ಸರಿಯಾದ ಕೆಲಸವೆಂದರೆ ಸಂದಿಗಳನ್ನು ಒಂದಿಂಚು ಆಳಕ್ಕೆ ಕೆರೆದು, ನೀರು ಚಿಮುಕಿಸಿ, ನೆನೆಸಿದ ಸುಣ್ಣ ಒಂದು ಪಾಲು, ಇಟ್ಟಿಗೆ ಪುಡಿ ಮತ್ತು ಮರಳು ಸೇರಿ ಎರಡು ಪಾಲು ಕಲಸಿ ತುಂಬುವುದು, ಆಮೇಲೆ ಕನಿಷ್ಠ ಒಂದು ವಾರ ಗೋಣಿತಾಟು ಹೊದಿಸಿ ಹಸಿಯಾಗಿಡುವುದು. ಮೇ ತಿಂಗಳಲ್ಲಿ ಮಾಡಿಸಿದರೆ ಹಸಿ ನಿಲ್ಲುವುದಿಲ್ಲ, ಗಚ್ಚು ಪುಡಿಯಾಗುತ್ತದೆ. ದೀಪಾವಳಿ ಮುಗಿದ ಮೇಲಿನ ತಿಂಗಳುಗಳು ಸೂಕ್ತ. ಸುಣ್ಣದ ಕೆಲಸ ಬಲ್ಲ ಗೌಂಡಿಗಳು ಈಗ ಕಡಿಮೆ, ಸಿಕ್ಕವರು ಕೂಲಿ ಹೆಚ್ಚು ಕೇಳಿದರೂ ಕೊಡಿಸಿ.

ಮಳೆಗಾಲ ಅಲ್ಲದಾಗ ಮನೆ ನೋಡುತ್ತಿದ್ದರೆ, ಮಾಲಕರ ಒಪ್ಪಿಗೆ ಪಡೆದು, ನೀರು ಹೋಗುವ ದೋಣಿಯ ಬಾಯಿಗೆ ಬಟ್ಟೆ ತುರುಕಿ ಛತ್ತಿನ ಮೇಲೆ ಒಂದಿಂಚು ನೀರು ನಿಲ್ಲಿಸಿ. ಅದಕ್ಕಿಂತ ಹೆಚ್ಚು ಬೇಡ. ಗಚ್ಚು ದಪ್ಪ ಇರುವುದರಿಂದ ಕಲೆ ಕಾಣಿಸಿಕೊಳ್ಳುವುದು ಮರುದಿನ, ಅರ್ಧ ಗಂಟೆ ನೋಡಿ "ಸೋರುತ್ತಿಲ್ಲ" ಎನ್ನಬೇಡಿ. ಒಪ್ಪದಿದ್ದರೆ ಅದೂ ಒಂದು ಉತ್ತರವೇ. ಹಾಗೇ ಪ್ಯಾರಾಪೆಟ್ ಗೋಡೆಯಲ್ಲಿ ಆಲ, ಅರಳಿಯ ಸಸಿ ಇದೆಯೇ ನೋಡಿ. ಬೆರಳಿನಷ್ಟು ದಪ್ಪದ ಅರಳಿ ಸಸಿಯ ಬೇರು ಗೋಡೆಯೊಳಗೆ ಮಾರುಗಟ್ಟಲೆ ಹೋಗಿರುತ್ತದೆ, ಮೇಲಿಂದ ಕತ್ತರಿಸಿದರೆ ಮುಂದಿನ ಮಳೆಗೆ ಎರಡಾಗಿ ಚಿಗುರುತ್ತದೆ. ಕಲ್ಲು ಬಿಚ್ಚಿಯೇ ಬೇರು ತೆಗೆಯಬೇಕು.

ಗೋಡೆ ಬಿರುಕಿಗೆ ಎಲ್ಲರೂ ಹೆದರುತ್ತಾರೆ, ಅರ್ಧಕ್ಕೆ ಅರ್ಧ ಅನಾವಶ್ಯಕ ಹೆದರಿಕೆ. ಇದು ಎರಿ ಮಣ್ಣಿನ, ಅಂದರೆ ಕಪ್ಪು ಮಣ್ಣಿನ, ಊರು. ಮಳೆಗೆ ಮಣ್ಣು ಉಬ್ಬುತ್ತದೆ, ಬ್ಯಾಸಗಿಗೆ ಕುಗ್ಗುತ್ತದೆ, ಮನೆಯೂ ಅದರ ಜತೆ ಸ್ವಲ್ಪ ಏರಿಳಿಯುತ್ತದೆ. ಪಾಯ ಎರಿ ದಾಟಿ ಕೆಳಗಿನ ಗಟ್ಟಿ ಗರಸಿನವರೆಗೆ ಇಳಿದಿರುವ ಮನೆಯಲ್ಲಿ ಕೂದಲಿನಂಥ ಗೆರೆಗಳಷ್ಟೇ ಇರುತ್ತವೆ. ಬಾಗಿಲ ಮೂಲೆಯಿಂದ ಮೆಟ್ಟಿಲಿನಂತೆ ಏರುತ್ತ ಹೋದ ಬಿರುಕು, ಅದರಲ್ಲೂ ಐದು ಮಿಲಿಮೀಟರ್ ದಾಟಿದ್ದು, ಬೇರೆ ಮಾತು. ಅಂಥದ್ದರ ಹತ್ತಿರ ದೊಡ್ಡ ಗಿಡ ಇದ್ದರೆ ಬೇರು ಆ ಭಾಗದ ತೇವವನ್ನೆಲ್ಲ ಹೀರಿ ಒಂದೇ ಮೂಲೆ ಕುಸಿಯುವಂತೆ ಮಾಡಿರಬಹುದು. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗುರುತು ಹಾಕಿ ತಾರೀಖು ಬರೆಯಿರಿ. ಬ್ಯಾಸಗಿ ಕೊನೆಗೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಅಳೆದರೆ ಬರೀ ಹಿಗ್ಗಿ ಕುಗ್ಗುತ್ತಿದೆಯೋ, ಒಂದೇ ಸಮ ಬೆಳೆಯುತ್ತಿದೆಯೋ ತಿಳಿಯುತ್ತದೆ.

ನೀರಿನ ವಿಷಯದಲ್ಲಿ ಈ ಬಡಾವಣೆಗೆ ವಿಶೇಷ ಮರ್ಯಾದೆಯೇನೂ ಇಲ್ಲ. ಊರಿಗೆ ನೀರು ಭೀಮಾ ಮತ್ತು ಬೆಣ್ಣೆತೊರಾದಿಂದ ಬರಬೇಕು, ನಳ ದಿನಾ ಬರುವುದಿಲ್ಲ ಎಂದೇ ಲೆಕ್ಕ ಹಿಡಿಯಿರಿ. ತಲೆಗೆ ದಿನಕ್ಕೆ 135 ಲೀಟರ್ ಎಂದರೆ ನಾಲ್ಕು ಜನಕ್ಕೆ 540, ಐದು ದಿನಕ್ಕೆ 2,700. ಆರು ಅಡಿ ಉದ್ದ, ಐದು ಅಡಿ ಅಗಲ, ಐದು ಅಡಿ ಆಳದ ಸಂಪಿನಲ್ಲಿ 4,200 ಲೀಟರ್ ಹಿಡಿಯುತ್ತದೆ, ಗಿಡಕ್ಕೂ ಒಂದಿಷ್ಟು ಉಳಿಯುತ್ತದೆ. ಹಳೆ ಮನೆಗಳ ಸಂಪು ಕಲ್ಲಿನದಾದರೆ ಬೇರು ನುಗ್ಗಿ ಸೋರುವುದು ಸಾಮಾನ್ಯ. ರಾತ್ರಿ ಮೋಟರ್ ಬಂದ್ ಮಾಡಿ, ನಳದ ವಾಲ್ ಮುಚ್ಚಿ, ನೀರಿನ ಮಟ್ಟಕ್ಕೆ ಖಡುವಿನಿಂದ (ಚಾಕ್‌ಪೀಸಿನಿಂದ) ಗೆರೆ ಎಳೆಯಿರಿ. ಬೆಳಿಗ್ಗೆ ಒಂದಿಂಚು ಇಳಿದಿದ್ದರೆ ಆ ಅಳತೆಯ ಸಂಪಿನಲ್ಲಿ 70 ಲೀಟರ್ ಹೋಯಿತು ಎಂದು ತಿಳಿಯಿರಿ. ಬೋರ್ ಇದ್ದರೂ ನೀರು ಗಡಸು. ಗೀಸರ್ ಕಾಯಿಲ್, ಕೂಲರಿನ ಹುಲ್ಲು ಎರಡೂ ಸುಣ್ಣಗಟ್ಟುತ್ತವೆ.

ಕೂಲರ್ ಎಂದ ಮೇಲೆ ಸೆಖೆಯ ಮಾತು. ಒಂದೂವರೆ-ಎರಡಡಿ ದಪ್ಪದ ಗೋಡೆ ಬೆಳಗಿನ ಹೊತ್ತು ಸುಖ, ಮಧ್ಯಾಹ್ನಕ್ಕೂ ಸುಖ. ಆದರೆ ಹಗಲೆಲ್ಲ ಕುಡಿದ ಬಿಸಿಲನ್ನು ಅದು ರಾತ್ರಿ ಹತ್ತರ ನಂತರ ಒಳಗೆ ಕಾರುತ್ತದೆ. ಸಂಜೆ ಛತ್ತಿಗೆ ನೀರು ಹೊಡೆಯುವವರುಂಟು, ನೀರಿರುವವರಿಗೆ ಅದು ಸರಿ. ಅದಕ್ಕಿಂತ ಮಾರ್ಚ್ ಮೊದಲು ಛತ್ತಿಗೆ ಎರಡು ಕೋಟ್ ಸುಣ್ಣ ಹೊಡೆಸುವುದು ಅಗ್ಗ. ನಮ್ಮ ಕಡೆಯ ಒಣ ಬಿಸಿಲಿಗೆ ಕೂಲರ್ ಏಪ್ರಿಲ್-ಮೇನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಜೂನ್‌ನಲ್ಲಿ ಗಾಳಿ ಹಸಿಯಾದರೆ ಬರೀ ಅಂಟು. ವಾರಕ್ಕೊಮ್ಮೆ ಟಾಕಿ ಪೂರ್ತಿ ಖಾಲಿ ಮಾಡಿ ಒಣಗಿಸಿ, ಗಿಡ ಹೆಚ್ಚಿರುವ ಜಾಗದಲ್ಲಿ ಸೊಳ್ಳೆಗೆ ನೆಪ ಬೇಕಾಗಿಲ್ಲ. ಏಸಿ ಹಾಕಿಸುವವರು ಒಂದು ಲೆಕ್ಕ ಮರೆಯುತ್ತಾರೆ: 12x14ರ ಖೋಲಿಗೆ ಹತ್ತಡಿ ಎತ್ತರವಿದ್ದಾಗ ಇರುವ ಗಾಳಿಗಿಂತ ಹದಿನಾಲ್ಕಡಿ ಎತ್ತರವಿದ್ದಾಗ ನೂರಕ್ಕೆ ನಲವತ್ತರಷ್ಟು ಹೆಚ್ಚು ಗಾಳಿ ಇರುತ್ತದೆ. ಫ್ಯಾನಿಗೂ ಅಂಗಡಿಯವರು ಕೊಡುವ ಗಿಡ್ಡ ರಾಡು ಸಾಲದು. ರೆಕ್ಕೆ ನೆಲದಿಂದ ಎಂಟು-ಒಂಬತ್ತು ಅಡಿಗೆ ಬರಬೇಕಾದರೆ ನಾಲ್ಕೂವರೆ-ಐದು ಅಡಿ ರಾಡು ಬೇಕು, ಹೇಳಿ ಮಾಡಿಸಿ.

ಆ ಏಸಿಗೆ ವೈರಿಂಗ್ ತಾಳುತ್ತದೆಯೇ? ಗೋಡೆ ಮೇಲೆ ಮರದ ಪಟ್ಟಿ, ಎರಡು ಪಿನ್ನಿನ ಸಾಕೆಟ್ ಕಂಡರೆ ಅರ್ಥಿಂಗ್ ಇಲ್ಲವೆಂದೇ ತಿಳಿಯಿರಿ. ಏಸಿಗೂ ಗೀಸರಿಗೂ ಬೇರೆ ಬೇರೆ 4 ಚದರ ಮಿಲಿಮೀಟರ್ ತಾಮ್ರದ ವೈರ್, ಮೇನ್‌ನಲ್ಲಿ ಕರೆಂಟು ಸೋರಿದರೆ ತಾನೇ ಬಂದ್ ಮಾಡುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಇವೆರಡೂ ಆಗದೆ ಒಳಗೆ ಕಾಲಿಡಬೇಡಿ. ಜೆಸ್ಕಾಂ ಕರೆಂಟ್ ಬಿಲ್ಲು ಕೇಳಿ ಪಡೆದು ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ನೋಡಿ. ಇದಕ್ಕಿಂತ ಮುಖ್ಯ, ದೊಡ್ಡ ಕಂಪೌಂಡುಗಳಲ್ಲಿ ಬಂಗಲೆಗೂ ಹಿಂದಿನ ಔಟ್‌ಹೌಸಿಗೂ ಒಂದೇ ಮೀಟರ್ ಇರುವುದುಂಟು. ಉಚಿತ ಕರೆಂಟಿನ ಗೃಹಜ್ಯೋತಿ ಲೆಕ್ಕ ಮೀಟರಿನ ಆರ್‌ಆರ್ ನಂಬರಿಗೆ. ಎರಡು ಸಂಸಾರದ ಬಳಕೆ ಕೂಡಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಬೇರೆ ಮೀಟರ್ ಮಾಡಿಸಿಕೊಟ್ಟರೆ ಮಾತ್ರ ಔಟ್‌ಹೌಸ್ ಹಿಡಿಯಿರಿ.

ನೆಲದ ಶಹಾಬಾದ್ ಪರಸಿ ಬಗ್ಗೆ ಒಂದೇ ಎಚ್ಚರಿಕೆ: ಅದು ಸುಣ್ಣದ ಕಲ್ಲು. ಸಂಡಾಸು ತೊಳೆಯುವ ಆಸಿಡ್ ಬಿದ್ದರೆ ನೊರೆ ಬಂದು ಮೇಲ್ಪದರ ಸುಟ್ಟು ಬೆಳ್ಳಗಾಗುತ್ತದೆ, ಹುಣಸೆಹುಳಿ, ನಿಂಬೆರಸ ಚೆಲ್ಲಿ ಹಾಗೇ ಬಿಟ್ಟರೂ ಮಂಕಾಗುತ್ತದೆ. ಪಾಲಿಶ್ ಯಂತ್ರ ತರಿಸಿದರೇ ಹಳೆ ಹೊಳಪು.

ಒರಲಿ (ಗೆದ್ದಲು) ಹಳೆ ಮನೆಗೆ ತಪ್ಪಿದ್ದಲ್ಲ. ಸಾಗವಾನಿ ಚೌಕಟ್ಟನ್ನು ಅದು ಬೇಗ ಮುಟ್ಟುವುದಿಲ್ಲ. ಆಮೇಲೆ ಸೇರಿಸಿದ ಅಗ್ಗದ ಕಟ್ಟಿಗೆಯ ಕಪಾಟು, ವಾರ್ಡ್‌ರೋಬಿನ ಹಿಂಬದಿ ಬಡಿದು ನೋಡಿ, ಪೊಳ್ಳು ಸದ್ದು ಬಂದರೆ ಬೆರಳಿಂದ ಒತ್ತಿ. ಮದ್ದಿಗೆ ಬಂದವರು ಗೋಡೆ ಮೇಲೆ ಸ್ಪ್ರೇ ಹೊಡೆದು ಹೊರಟರೆ ದುಡ್ಡು ಹೋಯಿತು. ಗೋಡೆ-ನೆಲ ಕೂಡುವಲ್ಲಿ 12 ಮಿಲಿಮೀಟರ್ ತೂತು, ಒಂದೊಂದು ಅಡಿ ಅಂತರದಲ್ಲಿ, ಪ್ರತಿ ತೂತಿಗೆ ಒಂದು ಲೀಟರ್ ದ್ರಾವಣ ಇಳಿಯಬೇಕು. ಮದ್ದು ಶೇಕಡ 30.5ರ ಇಮಿಡಾಕ್ಲೋಪ್ರಿಡ್ ಆದರೆ ಹತ್ತು ಲೀಟರ್ ನೀರಿಗೆ 21 ಎಂಎಲ್. ಡಬ್ಬಿಯ ಸೀಲ್ ನಿಮ್ಮೆದುರೇ ಒಡೆಯಲಿ. ಸಂಪಿನ ಹತ್ತಿರ ತೂತು ಹಾಕಲು ಬಿಡಬೇಡಿ.

ಇನ್ನು ಗಿಡಗಳು. ನೆರಳಿಗೆ ದುಡ್ಡು ಕೊಟ್ಟಿದ್ದೀರಿ, ಕಸವೂ ನಿಮ್ಮದೇ. ಬೇವು ಯುಗಾದಿಗೆ ಮುಂಚೆ ಎಲೆ ಉದುರಿಸುತ್ತದೆ, ಆಮೇಲೆ ಹೂವು, ಮುಂಗಾರು ಬರುವ ಹೊತ್ತಿಗೆ ಅಂಟಂಟಾದ ಹಣ್ಣು. ಮೂರೂ ನೇರ ಹೋಗಿ ಕೂರುವುದು ಛತ್ತಿನ ದೋಣಿಯಲ್ಲಿ. ಕಾರು ಅದರ ಕೆಳಗೆ ನಿಲ್ಲಿಸುವವರು ಹಕ್ಕಿ ಹಿಕ್ಕೆ ಒಣಗುವ ಮೊದಲು ತೊಳೆಯಬೇಕು. ಕೊಂಬೆ ಕರೆಂಟಿನ ತಂತಿಗೆ ತಾಗುತ್ತಿದ್ದರೆ ಮೇ ತಿಂಗಳ ಗಾಳಿ-ಮಳೆಗೆ ಮೊದಲೇ ಜೆಸ್ಕಾಂ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ನೀವೇ ಕೊಡಲಿ ಹಿಡಿದು ಏರಬೇಡಿ. ಗಿಡ ಕಡಿಯಲು ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು, ನಿಮ್ಮದೇ ಅಂಗಳದ್ದಾದರೂ ಬೇಕು. "ಬಂದ ಮ್ಯಾಲ ಆ ಗಿಡ ತೆಗಸ್ತೀವ್ರೀ" ಎಂಬ ಮಾಲಕರ ಮಾತನ್ನು ನಂಬಿ ಪಾರ್ಕಿಂಗ್ ಲೆಕ್ಕ ಹಾಕಬೇಡಿ.

ಕೊಳ್ಳುವವರಿಗೆ ಬೇರೆಯದೇ ಕೆಲಸಗಳಿವೆ. ಇಲ್ಲಿ 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಡಳಿತವಿತ್ತು, ಮೂಲ ಪತ್ರಗಳು ಉರ್ದುವಿನಲ್ಲಿರಬಹುದು. "ಅದೆಲ್ಲ ಹಳೇದು" ಎಂದು ಬದಿಗಿಡದೆ ಓದಬಲ್ಲ ವಕೀಲರಿಂದ ಭಾಷಾಂತರ ಮಾಡಿಸಿ, ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಈಗಿನ ಖಾತೆಗೆ ಹೊಂದುತ್ತದೆಯೇ ತಾಳೆ ನೋಡಿ, ಋಣಭಾರ ಪತ್ರ 30 ವರ್ಷದ್ದು ತೆಗೆಸಿ. ಇದೇ ಹಳೆಯ ಚೆಲುವು ಬೇಕೆಂದು ಕೋಟೆ ಅಥವಾ ಹಫ್ತ್ ಗುಂಬಜ್ ಪಕ್ಕ ಜಾಗ ನೋಡುತ್ತಿದ್ದರೆ ಇನ್ನೊಂದು ತೊಡಕು: ರಾಷ್ಟ್ರೀಯ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ದುರಸ್ತಿಗೂ ಅರ್ಜಿ ಹಾಕಬೇಕು.

ದಿನಸಿ, ಕಾಯಿಪಲ್ಲೆಗೆ ಸೂಪರ್ ಮಾರ್ಕೆಟ್ ಕಡೆ ಹೋಗಲೇಬೇಕು, ಗಾಡಿ ಇಲ್ಲದವರಿಗೆ ಆಟೋ ಖರ್ಚು ಕೂಡುತ್ತದೆ. ಕಟಕ ರೊಟ್ಟಿಯ ಖಾನಾವಳಿ ಬೇಕೆಂದರೂ ಅದೇ ದಾರಿ. ರೈಲಿನ ಹಾರ್ನ್ ರಾತ್ರಿ ಕೇಳುತ್ತದೆ, ಮಲಗುವ ಖೋಲಿ ಹಳಿಯ ಕಡೆಗಿದೆಯೇ ನೋಡಿಕೊಳ್ಳಿ.

ಎಲ್ಲ ಒಪ್ಪಿಗೆಯಾದರೆ ಹನ್ನೊಂದು ತಿಂಗಳ ಕರಾರಿನಲ್ಲಿ ಕಿರಾಯಿ, ಡಿಪಾಸಿಟ್ ಜತೆ ಮೂರು ಸಾಲು ಹೆಚ್ಚಿಗೆ ಬರೆಸಿ. ಮೇ ಕೊನೆಯ ವಾರ ಮತ್ತು ಆಗಸ್ಟಿನಲ್ಲಿ ಛತ್ತಿನ ಎಲೆ, ದೋಣಿಯ ಕಸ ತೆಗೆಸುವ ಖರ್ಚು ಯಾರದು. ಗಚ್ಚು ಸಂದಿ ತುಂಬಿಸುವುದು ಮಾಲಕರ ಪಾಲಿಗೆ, ಅದೂ ಸುಣ್ಣದಲ್ಲೇ. ಈಗಾಗಲೇ ಇರುವ ಬಿರುಕು, ಕಲೆ, ಸುಟ್ಟ ಪರಸಿಗಳ ಫೋಟೋಗಳು ತಾರೀಖಿನೊಂದಿಗೆ ಕರಾರಿಗೆ ಲಗತ್ತು, ಇಬ್ಬರ ಸಹಿಯೊಂದಿಗೆ. ಡಿಪಾಸಿಟ್ ವಾಪಸ್ ಕೊಡುವಾಗ ಮೊದಲು ಎಣಿಸುವುದು ಪರಸಿಯ ಬಿಳಿ ಕಲೆಗಳನ್ನೇ.